ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಎಣಿಸಿ, ಆಮೇಲೆ ಹೊರಡಿ: ಬೆಂಗಳೂರಿನ ಉಪನ್ಯಾಸ ಸಂಜೆಗಳ ವಿಮರ್ಶೆ

ಬೆಂಗಳೂರಿನಲ್ಲಿ ವಾರಾಂತ್ಯದ ಸಂಜೆ ಕಾಸು ಖರ್ಚಿಲ್ಲದೆ ಒಳ್ಳೆಯ ಮಾತು ಕೇಳಬೇಕೆಂದರೆ ಜಾಗಕ್ಕೆ ಬರವಿಲ್ಲ. ಬಸವನಗುಡಿಯ ವರ್ಲ್ಡ್ ಕಲ್ಚರ್, ಎನ್.ಆರ್. ಕಾಲೊನಿಯ ಗೋಖಲೆ ಸಂಸ್ಥೆ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು, ಜೆ.ಸಿ. ರಸ್ತೆಯ ನಯನ, ಬನಶಂಕರಿಯ ಸುಚಿತ್ರ, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ (ಬಿಐಸಿ). ಉಪನ್ಯಾಸ, ಗೋಷ್ಠಿಗಳಿಗೆ ಬಹುಪಾಲು ಟಿಕೆಟ್ ಇರುವುದಿಲ್ಲ. ಆದರೂ ಹೆಸರಾಂತ ಮಾತುಗಾರರು ಬಂದ ಸಂಜೆಯೇ ಕೆಟ್ಟು ಹೋಗುವುದುಂಟು, ಹೆಸರೇ ಕೇಳದವರು ಮುಕ್ಕಾಲು ಗಂಟೆ ಅಲುಗಾಡದಂತೆ ಕೂರಿಸುವುದೂ ಉಂಟು. ಕೆಡಿಸುವುದು ಹೆಚ್ಚಾಗಿ ಎರಡೇ: ಸಮಯದ ಹಂಚಿಕೆ, ಮೈಕು. ಮೊದಲನೆಯದನ್ನು ಮನೆಯಲ್ಲೇ ಕೂತು ಅಂದಾಜು ಮಾಡಬಹುದು.

ವಾಟ್ಸ್ಆ್ಯಪ್‌ಗೆ ಬಂದ ಆಮಂತ್ರಣವನ್ನು ಬೆರಳಲ್ಲಿ ಹಿಗ್ಗಿಸಿ, ಫೋಟೊಗಳನ್ನು ಬಿಟ್ಟು ಹೆಸರುಗಳನ್ನು ಎಣಿಸಿ. ಸಂಜೆ 5.30 ಎಂದು ಅಚ್ಚಾಗಿದೆ ಎನ್ನಿ. ಶುರುವಾಗುವುದು 5.50ಕ್ಕೆ. ಪ್ರಾರ್ಥನೆ 4 ನಿಮಿಷ. ಸ್ವಾಗತ 8, ಏಕೆಂದರೆ ವೇದಿಕೆಯ ಮೇಲಿರುವ ಪ್ರತಿಯೊಬ್ಬರಿಗೂ ಒಂದೊಂದು ಪ್ಯಾರಾ ಬಿರುದು ಸಲ್ಲಬೇಕು. ದೀಪ ಬೆಳಗುವುದಕ್ಕೋ ಗಿಡಕ್ಕೆ ನೀರೆರೆಯುವುದಕ್ಕೋ 4. ಮೊಂಬತ್ತಿ ಆರಿದರೆ ಇನ್ನೆರಡು. ಪ್ರಾಸ್ತಾವಿಕ ನುಡಿ 12, ಉದ್ಘಾಟನಾ ಭಾಷಣ 20, ಮುಖ್ಯ ಅತಿಥಿಗಳು ಇಬ್ಬರು, ತಲಾ 15. ಕೂಡಿ ನೋಡಿ, 78 ನಿಮಿಷ. ಯಾರ ಮಾತು ಕೇಳಲು ಬಂದಿರೋ ಅವರು ಎದ್ದು ನಿಲ್ಲುವಾಗ ಗಡಿಯಾರದಲ್ಲಿ 7 ಗಂಟೆ 8 ನಿಮಿಷ. ಸಭಾಂಗಣದ ಬಾಡಿಗೆ ಅವಧಿ ಮುಗಿಯುತ್ತಿರುತ್ತದೆ, ಇನ್ನೂ ಅಧ್ಯಕ್ಷರ ಮಾತು, ಸನ್ಮಾನ, ವಂದನಾರ್ಪಣೆ ಬಾಕಿ. ನಲವತ್ತು ನಿಮಿಷಕ್ಕೆ ಸಿದ್ಧವಾಗಿ ಬಂದವರ ಮುಂದೆ ಚೀಟಿ ಬಂದು ಕೂರುತ್ತದೆ: ‘ದಯವಿಟ್ಟು 15 ನಿಮಿಷದಲ್ಲಿ ಮುಗಿಸಿ’. ಅವರು ತಯಾರಿಯ ಮುಖ್ಯ ಭಾಗವನ್ನು ಬಿಟ್ಟು ಪೀಠಿಕೆಯನ್ನಷ್ಟೇ ಹೇಳಿ ಕೂರುತ್ತಾರೆ. ನೀವು ಕೇಳಿದ್ದು ಆ ಪೀಠಿಕೆ.

ಹಾಗಾಗಿ ಲೆಕ್ಕ ಸರಳ. ಪ್ರಾರ್ಥನೆಯವರಿಂದ ವಂದನಾರ್ಪಣೆಯವರವರೆಗೆ ಐದು ಹೆಸರಿದ್ದರೆ ಹೇಳಿದ ಹೊತ್ತಿಗೆ ಹದಿನೈದು ನಿಮಿಷ ಮೊದಲೇ ಹೋಗಿ. ಎಂಟು ದಾಟಿದರೆ ಮುಕ್ಕಾಲು ಗಂಟೆ ತಡವಾಗಿ ಹೋದರೂ ಏನೂ ತಪ್ಪದು, ಕುರ್ಚಿಯೂ ಸಿಗುತ್ತದೆ. ‘ಮಾನ್ಯ ಸಚಿವರು’ ಎಂಬ ಸಾಲಿದ್ದರೆ ಯಾವ ಲೆಕ್ಕವೂ ನಡೆಯದು. ಅವರು ಬಂದಾಗ ನಡೆಯುತ್ತಿರುವ ಭಾಷಣ ನಿಲ್ಲುತ್ತದೆ, ಮತ್ತೊಮ್ಮೆ ಹಾರ, ಶಾಲು, ಫಲತಾಂಬೂಲ. ಪುಸ್ತಕ ಲೋಕಾರ್ಪಣೆಯಾದರೆ ‘ಕೃತಿ ಪರಿಚಯ’ ಎಂಬ ಪದದ ಎದುರು ಯಾರ ಹೆಸರಿದೆ ನೋಡಿ. ವೇದಿಕೆಯಲ್ಲಿ ಪುಸ್ತಕವನ್ನು ಕಡೆಯ ಪುಟದವರೆಗೆ ಓದಿ ಬಂದಿರುವುದು ಸಾಮಾನ್ಯವಾಗಿ ಅವರೊಬ್ಬರೇ, ಬಿಡುಗಡೆ ಮಾಡಿದವರ ಮಾತು ಮುನ್ನುಡಿಯ ಸಾರಾಂಶವಾಗಿರುತ್ತದೆ.

ದತ್ತಿ ಉಪನ್ಯಾಸದ ಜಾಯಮಾನವೇ ಬೇರೆ. ಯಾರೋ ತಂದೆತಾಯಿಯ ಹೆಸರಲ್ಲಿ ಒಂದು ಮೊತ್ತ ಇಟ್ಟಿರುತ್ತಾರೆ, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ. ವಿಷಯವನ್ನು ದಾನಿಗಳೇ ಗೊತ್ತುಮಾಡಿರುವುದರಿಂದ ಹಳಗನ್ನಡ, ವಚನ, ಗಮಕದಂಥ ವಿಷಯಗಳು ಇವತ್ತಿಗೂ ತಪ್ಪದೆ ನಡೆಯುತ್ತಿವೆ. ಇದು ದೊಡ್ಡ ಲಾಭ. ಆದರೆ ಇಟ್ಟ ಗಂಟು ಬೆಳೆಯುವುದಿಲ್ಲ, ಖರ್ಚು ಬೆಳೆಯುತ್ತದೆ. ಆದ್ದರಿಂದ ಮೂರು ದತ್ತಿಗಳನ್ನು ಒಂದೇ ಸಂಜೆಗೆ ಕಟ್ಟುವುದು ರೂಢಿ, ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಆಮಂತ್ರಣದಲ್ಲಿ ಒಂದೇ ದತ್ತಿಯ ಹೆಸರಿದ್ದರೆ ಕಣ್ಣು ಮುಚ್ಚಿಕೊಂಡು ಹೋಗಬಹುದು. 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತಿನಲ್ಲೂ, 1890ರ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲೂ ದತ್ತಿ ಕಾರ್ಯಕ್ರಮಗಳೇ ವರ್ಷದ ಬೆನ್ನೆಲುಬು. ಧಾರವಾಡದಲ್ಲಿ ಕೇಳುಗರ ಕಡೆಯಿಂದ ಬರುವ ತಿದ್ದುಪಡಿಗಳಿಗಾಗಿಯಾದರೂ ಒಮ್ಮೆ ಕೂರಬೇಕು. ತಾರೀಖು ತಪ್ಪು ಹೇಳಿದ ಭಾಷಣಕಾರರನ್ನು ಅಲ್ಲಿ ಸುಮ್ಮನೆ ಮನೆಗೆ ಕಳಿಸುವುದಿಲ್ಲ.

ಇನ್ನು ಜಾಗಗಳು. ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಶುರುವಾದದ್ದು 1945ರ ಆಗಸ್ಟ್‌ನಲ್ಲಿ. ಅದೇ ವರ್ಷ ಡಿ.ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು, ಆದರೆ ಎರಡರ ಗುಣ ಬೇರೆ. ವರ್ಲ್ಡ್ ಕಲ್ಚರ್‌ನಲ್ಲಿ ಒಂದು ದಿನ ವಿಜ್ಞಾನ, ಮರುದಿನ ಸಂಗೀತ, ಇನ್ನೊಂದು ದಿನ ಯಾವುದೋ ದೇಶದ ಇತಿಹಾಸ. ಕನ್ನಡವೂ ಉಂಟು, ಇಂಗ್ಲಿಷೂ ಉಂಟು. ಅಲ್ಲೇ ಗ್ರಂಥಾಲಯವಿದೆ, ಬೇಗ ಹೋದವರ ಹೊತ್ತು ದಂಡವಾಗದು. ಮೆಟ್ರೊ ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನಡೆಯುವುದು ಉತ್ತಮ. ಗಾಂಧಿ ಬಜಾರಿನ ಆಸುಪಾಸು ಸಂಜೆ ಆರಕ್ಕೆ ಕಾರು ನಿಲ್ಲಿಸಲು ಹೊರಟರೆ ಅರ್ಧ ಉಪನ್ಯಾಸ ರಸ್ತೆಯಲ್ಲೇ ಮುಗಿಯುತ್ತದೆ.

ಬುಲ್ ಟೆಂಪಲ್ ರಸ್ತೆಯ ಗೋಖಲೆ ಸಂಸ್ಥೆಯ ಬಲ ಇರುವುದು ಉಪನ್ಯಾಸ ಮಾಲೆಗಳಲ್ಲಿ. ಒಬ್ಬರೇ ವಕ್ತಾರರು, ಒಂದೇ ಕಾವ್ಯ ಅಥವಾ ಶಾಸ್ತ್ರ, ದಿನದಿನವೂ ಮುಂದುವರಿಕೆ. ಶತಾವಧಾನಿ ಆರ್. ಗಣೇಶ್ ಅವರ ಮಾಲೆಗಳು ಇಲ್ಲಿ ನಡೆದಿವೆ. ಮಾಲೆಯಲ್ಲಿ ಸ್ವಾಗತದ ಭಾರವೆಲ್ಲ ಮೊದಲ ದಿನಕ್ಕೆ ಸಲ್ಲುತ್ತದೆ, ಎರಡನೆಯ ದಿನದಿಂದ ನೇರ ವಿಷಯ. ಒಂದೇ ದಿನ ಹೋಗುವವರು ಎರಡನೆಯ ದಿನವನ್ನೇ ಆರಿಸಿಕೊಳ್ಳಲಿ: ಪೀಠಿಕೆ ಮುಗಿದಿರುತ್ತದೆ, ಎಳೆ ಇನ್ನೂ ಕೈತಪ್ಪಿರುವುದಿಲ್ಲ. ನಾಲ್ಕನೆಯ ದಿನ ಹೊಸದಾಗಿ ಹೋಗಿ ಕೂತರೆ ‘ನಿನ್ನೆ ನೋಡಿದ ಹಾಗೆ’ ಎಂಬ ಮಾತಿಗೆ ಪಕ್ಕದವರ ಮುಖ ನೋಡಬೇಕಾಗುತ್ತದೆ.

ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಈಗಿನ ಕಟ್ಟಡದಲ್ಲಿ 2019ರಿಂದ ನಡೆಯುತ್ತಿದೆ. ಸಮಯದ ಹಂಚಿಕೆಯಲ್ಲಿ ನಮ್ಮ ಹಳೆಯ ಸಂಸ್ಥೆಗಳು ಇಲ್ಲಿಂದ ಕಲಿಯುವುದಿದೆ. ಹಾರವಿಲ್ಲ, ಉದ್ಘಾಟನೆಯಿಲ್ಲ. ಒಂದೆರಡು ನಿಮಿಷದ ಪರಿಚಯವಾದ ಕೂಡಲೇ ಮಾತು, ಕೊನೆಗೆ ಪ್ರಶ್ನೆ. ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಹೋಗಬೇಕು. ಹಾಗೆಂದು ನೋಂದಾಯಿಸಿದವರಿಗೆ ಕುರ್ಚಿ ಕಾದಿಟ್ಟಿರುವುದಿಲ್ಲ, ಮೊದಲು ಬಂದವರಿಗೆ ಮೊದಲು. ಹೆಚ್ಚಿನ ಕಾರ್ಯಕ್ರಮಗಳ ವಿಡಿಯೊ ಯೂಟ್ಯೂಬಿಗೆ ಬರುತ್ತದೆ, ಪಾಡ್‌ಕಾಸ್ಟೂ ಇದೆ. ಬರೀ ಉಪನ್ಯಾಸವಾದರೆ ಮನೆಯಲ್ಲೇ ಕೇಳಿದರೂ ನಷ್ಟವಿಲ್ಲ. ಪ್ರಶ್ನೆ ಕೇಳಬೇಕೆಂದಿದ್ದರೆ ಮಾತ್ರ ಅಷ್ಟು ದೂರ ಹೋಗಿ. ಭಾಷೆ ಬಹುಪಾಲು ಇಂಗ್ಲಿಷ್, ಕನ್ನಡದ ಕಾರ್ಯಕ್ರಮಗಳನ್ನು ಪಟ್ಟಿಯಲ್ಲಿ ಹುಡುಕಿ ಹೆಕ್ಕಬೇಕು. ಮೆಟ್ರೊದಲ್ಲಿ ಬರುವವರು ಇಂದಿರಾನಗರದಲ್ಲಿ ಇಳಿದು ಆಟೊ ಹಿಡಿಯಬೇಕು, ಆ ಹೊತ್ತಿನಲ್ಲಿ ಆಟೊಗೆ ಕಾಯುವ ಸಮಯವನ್ನೂ ಸೇರಿಸಿಕೊಳ್ಳಿ.

ಹೇಳಿದ ಹೊತ್ತಿಗೆ ಶುರುಮಾಡಿದರೆ ಜನ ಬರುವುದಿಲ್ಲ ಎನ್ನುವ ಸಂಘಟಕರಿಗೆ ಜೆ.ಪಿ. ನಗರದ ರಂಗಶಂಕರವೇ ಉತ್ತರ. 2004ರಿಂದ ಅಲ್ಲಿ ನಾಟಕ ಶುರುವಾದ ಮೇಲೆ ಬಂದವರಿಗೆ ಬಾಗಿಲು ತೆರೆಯುವುದಿಲ್ಲ, ಆದರೂ ಊರು ಅಲ್ಲಿಗೆ ಹೋಗುತ್ತದೆ. ಅದೇ ಪ್ರೇಕ್ಷಕರು ಮರುದಿನ ಉಪನ್ಯಾಸಕ್ಕೆ ಅರ್ಧ ಗಂಟೆ ತಡವಾಗಿ ಬರುತ್ತಾರೆಂದರೆ ಅದು ಅವರ ಸ್ವಭಾವವಲ್ಲ, ಅನುಭವ.

ಗೋಷ್ಠಿಗಳಿಗೆ ಹೋಗುವವರು ಇನ್ನೊಂದು ಲೆಕ್ಕ ಹಾಕಬೇಕು. ಒಂದೂಕಾಲು ಗಂಟೆ, ನಾಲ್ವರು, ಜತೆಗೊಬ್ಬ ಸಮನ್ವಯಕಾರರು. ಪರಿಚಯಕ್ಕೆ 5, ಸಮನ್ವಯಕಾರರಿಗೆ 10, ಪ್ರಶ್ನೆಗಳಿಗೆ 15 ನಿಮಿಷ ಕಳೆದರೆ ಉಳಿಯುವುದು 45. ತಲೆಗೆ ಹನ್ನೊಂದು ಚಿಲ್ಲರೆ. ಮೊದಲಿಬ್ಬರು ಇಪ್ಪತ್ತಿಪ್ಪತ್ತು ತೆಗೆದುಕೊಂಡರೆ ಕೊನೆಯವರಿಗೆ ಉಳಿಯುವುದು ‘ಸಮಯದ ಅಭಾವದಿಂದ’ ಎಂಬ ಮಾತು ಮಾತ್ರ. ನಮ್ಮಲ್ಲಿ ಗೋಷ್ಠಿ ಎಂದರೆ ಒಬ್ಬರಾದ ಮೇಲೊಬ್ಬರು ಬರೆದು ತಂದದ್ದನ್ನು ಓದುವುದು, ಒಬ್ಬರ ಮಾತನ್ನು ಇನ್ನೊಬ್ಬರು ಮುಟ್ಟುವುದೇ ಇಲ್ಲ. ಚರ್ಚೆ ನಡೆಯುತ್ತದೋ ಇಲ್ಲವೋ ಎಂದು ವೇದಿಕೆ ನೋಡಿಯೇ ಹೇಳಬಹುದು. ಕುರ್ಚಿಗಳು ಅರೆವೃತ್ತದಲ್ಲಿದ್ದು ಎಲ್ಲರ ಕೈಯಲ್ಲೂ ಮೈಕಿದ್ದರೆ ಆಸೆ ಇಟ್ಟುಕೊಳ್ಳಿ. ಉದ್ದನೆಯ ಮೇಜು, ಅದಕ್ಕೊಂದು ಬಟ್ಟೆ, ಬದಿಯಲ್ಲಿ ಒಂದೇ ಪೋಡಿಯಂ ಇದ್ದರೆ ಸರಣಿ ಭಾಷಣ ಖಾತ್ರಿ. ಮೂವರಿಗಿಂತ ಹೆಚ್ಚು ಜನರಿರುವ ಗೋಷ್ಠಿ ಚೆನ್ನಾಗಿ ನಡೆಯಬೇಕಾದರೆ ಮಾತು ತುಂಡರಿಸುವ ಧೈರ್ಯವಿರುವ ಸಮನ್ವಯಕಾರರು ಬೇಕು. ಹಿರಿಯ ಸಾಹಿತಿಗಳನ್ನು ತಡೆಯಲು ಕಿರಿಯ ಅಧ್ಯಾಪಕರನ್ನು ಕೂರಿಸಿದ ಕಡೆ ಅದು ನಡೆಯುವ ಮಾತಲ್ಲ.

ಹೆಗ್ಗೋಡಿನ ನೀನಾಸಮ್ ಸಂಸ್ಕೃತಿ ಶಿಬಿರದ ಚರ್ಚೆಗಳು ಏಕೆ ಬೇರೆಯಾಗಿ ಕೇಳಿಸುತ್ತವೆ ಎನ್ನುವುದಕ್ಕೂ ಕಾರಣ ಇಲ್ಲೇ ಇದೆ. ರಾತ್ರಿ ಎಲ್ಲರೂ ಒಂದೇ ನಾಟಕ ನೋಡಿರುತ್ತಾರೆ, ಬೆಳಿಗ್ಗೆ ಅದರ ಮೇಲೇ ಮಾತು. ಮಾತಿನ ವಸ್ತು ಎದುರಿಗಿದ್ದಾಗ ಯಾರೂ ‘ಮೊದಲಿಗೆ ಸಂಸ್ಕೃತಿ ಎಂದರೇನು’ ಎಂದು ಶುರುಮಾಡುವುದಿಲ್ಲ.

ಮೈಕಿನ ವಿಷಯ. ಕುರ್ಚಿ ಹಿಡಿಯುವಾಗ ಮೊದಲು ಸ್ಪೀಕರ್ ಪೆಟ್ಟಿಗೆ ಎಲ್ಲಿದೆ ನೋಡಿ. ಅದರ ನೇರಕ್ಕೆ ಕೂತರೆ ಸದ್ದು ಜಾಸ್ತಿ, ಮಾತು ಕಡಿಮೆ. ಎತ್ತರದ ಚಾವಣಿ, ಬೋಳು ಗೋಡೆಯ ಹಳೆಯ ಸಭಾಂಗಣಗಳಲ್ಲಿ ಹಿಂದೆ ಹೋದಷ್ಟೂ ಪ್ರತಿಧ್ವನಿ ಸೇರಿ ವ್ಯಂಜನಗಳು ಕರಗುತ್ತವೆ, ‘ಕಾವ್ಯ’ವೂ ‘ಭಾವ್ಯ’ವೂ ಒಂದೇ ಆಗಿ ಕೇಳುತ್ತದೆ. ಮೂರರಿಂದ ಐದನೆಯ ಸಾಲು, ಮಧ್ಯದ ಓಣಿಗೆ ಅಂಟಿದ ಕುರ್ಚಿ ಉತ್ತಮ. ಫ್ಯಾನಿನ ಕೆಳಗೆ ಬೇಡ. ಮೊದಲ ಎರಡು ಸಾಲಿಗೆ ‘ಗಣ್ಯರಿಗೆ’ ಎಂದು ಚೀಟಿ ಅಂಟಿಸಿರುತ್ತಾರೆ. ಗಣ್ಯರು ಬಾರದಿದ್ದರೂ ಆ ಸಾಲು ಖಾಲಿಯೇ ಇರಬೇಕು, ಅದೇನು ನಿಯಮವೋ.

‘ಕುಂಯ್’ ಎಂದು ಕೂಗುವುದಕ್ಕೆ ಮೈಕನ್ನು ಬೈಯುವುದು ರೂಢಿ, ತಪ್ಪು ಹಿಡಿದ ಕೈಯದು. ಕೈಮೈಕಿನ ಜಾಲರಿಯ ಹಿಂಬದಿಯ ಸಂದುಗಳಿಂದಲೇ ಅದು ಎದುರಿನ ಬಾಯಿಯ ಸದ್ದನ್ನಷ್ಟೇ ಹೆಕ್ಕುವುದು. ತಲೆಯನ್ನು ಮುಷ್ಟಿಯಲ್ಲಿ ಹಿಡಿದು ಆ ಸಂದು ಮುಚ್ಚಿದರೆ ಸ್ಪೀಕರಿನ ಸದ್ದೂ ಒಳನುಗ್ಗಿ, ಸುತ್ತಿ ಸುತ್ತಿ ಕೂಗಾಗುತ್ತದೆ. ಹಿಡಿಯಬೇಕಾದದ್ದು ನಡುವಿನಲ್ಲಿ, ಬಾಯಿಂದ ನಾಲ್ಕು ಬೆರಳು ದೂರ, ಗಲ್ಲದ ನೇರಕ್ಕೆ. ಬೆರಳಲ್ಲಿ ತಟ್ಟಿ ‘ಹಲೋ, ಹಲೋ’ ಎನ್ನಬೇಕಾಗಿಲ್ಲ.

ಪರದೆಯ ಮೇಲೆ ಚಿತ್ರ ತೋರಿಸುವ ಉಪನ್ಯಾಸಗಳಿಗೆ ಕನ್ನಡದ್ದೇ ಆದ ಒಂದು ಗಂಡಾಂತರವಿದೆ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಸಿದ್ಧಪಡಿಸಿದ ಪವರ್‌ಪಾಯಿಂಟನ್ನು ಸಭಾಂಗಣದ ಲ್ಯಾಪ್‌ಟಾಪಿನಲ್ಲಿ ತೆರೆದರೆ, ಆ ಫಾಂಟ್ ಅಲ್ಲಿಲ್ಲದ ಕಾರಣ ಅಕ್ಷರಗಳ ಬದಲು ಕೊಕ್ಕೆ, ಕೊಂಬು ಹೊತ್ತ ರೋಮನ್ ಲಿಪಿಯ ರಾಶಿ. ಶಾಸನದ ಬಗ್ಗೆ ಮಾತಾಡುವವರ ಪರದೆಯೇ ಓದಲಾಗದ ಶಾಸನವಾಗಿಬಿಡುತ್ತದೆ. ಯೂನಿಕೋಡಿಗೆ ಬದಲಿಸಿ ತರಬೇಕು, ಇಲ್ಲವೇ ಪಿಡಿಎಫ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಂಡು ಬರಬೇಕು. ಇದನ್ನು ಸಂಘಟಕರು ಹಿಂದಿನ ದಿನ ಫೋನಿನಲ್ಲಿ ಹೇಳಿದರೆ ಹತ್ತು ನಿಮಿಷ ಉಳಿಯುತ್ತದೆ.

ಪ್ರಶ್ನೋತ್ತರ ಹಾಳಾಗುವುದು ಮೊದಲ ಪ್ರಶ್ನೆಯಲ್ಲೇ. ‘ನನ್ನದು ಪ್ರಶ್ನೆಯಲ್ಲ, ಒಂದು ಅನಿಸಿಕೆ’ ಎಂದು ಎದ್ದವರ ಕೈಗೆ ಮೈಕು ಹೋದರೆ ಐದು ನಿಮಿಷ ಹೋಯಿತು. ಆದ್ದರಿಂದ ಮೈಕು ಸ್ವಯಂಸೇವಕರ ಕೈಯಲ್ಲೇ ಇದ್ದು, ಕೇಳುವವರ ಬಾಯಿಗೆ ಹಿಡಿಯಬೇಕು, ಕೈಗೆ ಕೊಡಬಾರದು. ಮೂರು ಪ್ರಶ್ನೆ ಒಟ್ಟಿಗೆ ಕೇಳಿ ಆಮೇಲೆ ಉತ್ತರಿಸುವ ಪದ್ಧತಿ ಹೊತ್ತು ಉಳಿಸುವಂತೆ ಕಾಣುತ್ತದೆ, ಆದರೆ ಭಾಷಣಕಾರರು ಸುಲಭದ್ದಕ್ಕೆ ಉತ್ತರಿಸಿ ಕಷ್ಟದ್ದನ್ನು ಮೆಲ್ಲಗೆ ಬಿಡಲು ಅದು ಒಳ್ಳೆಯ ದಾರಿ. ನೀವು ಕೇಳುವುದಿದ್ದರೆ ಎರಡು ವಾಕ್ಯ ಬರೆದಿಟ್ಟುಕೊಳ್ಳಿ, ಭಾಷಣದಲ್ಲಿ ಬಂದ ಒಂದು ಮಾತನ್ನೇ ಹಿಡಿದು ಕೇಳಿ. ಚೀಟಿಯಲ್ಲಿ ಬರೆದು ಕಳಿಸಿ ಎಂದರೆ ದೊಡ್ಡ ಅಕ್ಷರದಲ್ಲಿ ಬರೆಯಿರಿ. ವೇದಿಕೆಯ ಬೆಳಕಿನಲ್ಲಿ ಓದಲಾಗದ ಚೀಟಿ ಮೊದಲು ಜೇಬು ಸೇರುತ್ತದೆ.

ಹೊರಗಿನ ಪುಸ್ತಕದ ಮೇಜಿನಲ್ಲಿ ಬಿಡುಗಡೆಯ ದಿನ ಸಾಮಾನ್ಯವಾಗಿ ರಿಯಾಯಿತಿ ಇರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಕೊಳ್ಳುತ್ತೇನೆಂದರೆ ಅಷ್ಟರಲ್ಲಿ ಗಂಟು ಕಟ್ಟಿರುತ್ತಾರೆ, ಒಳಗೆ ಹೋಗುವಾಗಲೇ ತೆಗೆದುಕೊಳ್ಳಿ. ಕಾಫಿ ‘ಉಪನ್ಯಾಸದ ನಂತರ’ ಎಂದಿದ್ದರೆ ಕೊನೆಯವರೆಗೂ ಜನ ಇರುತ್ತಾರೆ. ‘ಮೊದಲು’ ಎಂದಿದ್ದರೆ ಕಾರ್ಯಕ್ರಮ ಶುರುವಾಗುವುದು ಇನ್ನೂ ಕಾಲು ಗಂಟೆ ತಡ. ಬಸವನಗುಡಿಯ ಕಡೆ ಹೋದವರಿಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ದೋಸೆಯ ಯೋಚನೆ ಬಂದೇ ಬರುತ್ತದೆ. ಶುಕ್ರವಾರದ ಉಪನ್ಯಾಸವಾದರೆ ಆ ಆಸೆ ಬಿಡಿ, ಅಂದು ಅದಕ್ಕೆ ರಜೆ. ಉಳಿದ ದಿನ ಉಪನ್ಯಾಸಕ್ಕೆ ಮೊದಲೇ ತಿಂದು ಹೋಗುವುದು ಕ್ಷೇಮ, ಏಕೆಂದರೆ ವಂದನಾರ್ಪಣೆ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಆಮಂತ್ರಣದಲ್ಲಿ ಯಾರೂ ಅಚ್ಚು ಹಾಕಿಸುವುದಿಲ್ಲ.