ಸ್ಟೋರೇಜ್ ಗೀಸರ್: ಗುಂಡಿ ಎಷ್ಟು ಡಿಗ್ರಿಗೆ ತಿರುಗಿಸಬೇಕು?

ನೀರು ಕಾಯಿಸುವುದರಲ್ಲಿ ಟ್ಯಾಂಕಿರುವ ಸ್ಟೋರೇಜ್ ಗೀಸರ್‌ಗಳ ಮೇಲೆ ದೂರಿಲ್ಲ. ದೂರೆಲ್ಲ ನೀರಿನ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್‌ನ ಗುಂಡಿಯ ಮೇಲೆ. ‘ಕಡಿಮೆ’, ‘ಹೆಚ್ಚು’ ಎಂದಷ್ಟೇ ಬರೆದರೆ ಯಾರಿಗೇನು ತಿಳಿದೀತು? ಡಿಗ್ರಿ ನಮೂದಿಸಿದ ಮಾದರಿಗೇ ಹೆಚ್ಚು ಅಂಕ.

50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರೆಂಟೂ ಉಳಿಯುತ್ತದೆ, ಚರ್ಮ ಸುಡುವ ಭಯವೂ ಕಡಿಮೆ. 60ರ ನೀರು ಕೆಲವೇ ಸೆಕೆಂಡುಗಳಲ್ಲಿ ಆಳವಾಗಿ ಸುಡಬಲ್ಲದು. ಮಕ್ಕಳಿಗೆ, ವೃದ್ಧರಿಗೆ ಇನ್ನೂ ಬೇಗ. ಹಾಗೆಂದು 40ಕ್ಕೆ ಇಳಿಸುವುದು ಜಾಣತನವಲ್ಲ. 20ರಿಂದ 45 ಡಿಗ್ರಿಯ ನಿಂತ ನೀರು ನ್ಯುಮೋನಿಯಾ ತರಬಲ್ಲ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಲು ಹೇಳಿ ಮಾಡಿಸಿದ ಜಾಗ, 60ರಲ್ಲಿ ಅದು ಸಾಯುತ್ತದೆ. ಮನೆಯಲ್ಲಿ ರೋಗನಿರೋಧಕ ಶಕ್ತಿ ಕುಂದಿದವರಿದ್ದರೆ ಟ್ಯಾಂಕನ್ನು 60ರಲ್ಲಿಟ್ಟು, ನಲ್ಲಿಗೆ ಹೋಗುವ ಪೈಪಿಗೆ ತಣ್ಣೀರು ಬೆರೆಸಿ ಬಿಸಿಯನ್ನು ಹದಕ್ಕಿಳಿಸುವ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಹಾಕಿಸುವುದೇ ಸರಿ. ಅದಕ್ಕೂ ಮೇಲೆ ಏರಿಸಿದರೆ ಗಡಸು ನೀರಿನ ಸುಣ್ಣ ಕಾಯಿಲ್‌ಗೆ ಬೇಗ ಕಟ್ಟುತ್ತದೆ, ಬಿಲ್ಲೂ ಏರುತ್ತದೆ.

ಗುಂಡಿಯನ್ನು ನಂಬಬೇಡಿ, ಅಳೆಯಿರಿ. ಹೀಟಿಂಗ್ ದೀಪ ಆರಿದ ಮೇಲೆ ಗೀಸರ್ ಸ್ವಿಚ್ ಆಫ್ ಮಾಡಿ, ಹತ್ತಿರದ ನಲ್ಲಿಯ ಬಿಸಿನೀರನ್ನಷ್ಟೇ ಒಂದು ನಿಮಿಷ ಹರಿಯಬಿಟ್ಟು, ಮಗ್ಗಿನಲ್ಲಿ ಹಿಡಿದು ಅಡುಗೆ ಥರ್ಮಾಮೀಟರ್ ಅದ್ದಿ. ಗುಂಡಿ ಸ್ವಲ್ಪ ತಿರುಗಿಸಿ, ಟ್ಯಾಂಕು ಪೂರ್ತಿ ಕಾದ ಮೇಲೆ ಮತ್ತೆ ನೋಡಿ. ಕೆಲವು ಮಾದರಿಗಳಲ್ಲಿ ಗುಂಡಿ ಮುಚ್ಚಳದೊಳಗೆ ಅಡಗಿರುತ್ತದೆ (ಇದು ಯಾರ ಬುದ್ಧಿಯೋ!), ಮುಖ್ಯ ಸ್ವಿಚ್ ಆಫ್ ಮಾಡದೆ ಆ ಮುಚ್ಚಳ ಬಿಚ್ಚಕೂಡದು. ನೀರು ಅತಿಯಾಗಿ ಕಾದಾಗ ಕರೆಂಟ್ ಕಡಿಯುವ ಥರ್ಮಲ್ ಕಟೌಟ್ ಪದೇ ಪದೇ ಬಿದ್ದರೆ ಥರ್ಮೋಸ್ಟಾಟ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಥರ್ಮೋಸ್ಟಾಟ್ ಬದಲಿಸಿ. ಕಟೌಟ್ ತಪ್ಪಿಸಿ ನೇರ ವೈರ್ ಕೊಡುವ ಮೆಕ್ಯಾನಿಕ್‌ಗೆ ಬಾಗಿಲು ತೋರಿಸಿ.