ಹಾಡುವ ನಟಿಗೆ ಸ್ಕೇಲ್ ಚೇಂಜರ್ ಪೇಟಿ: ಬಳ್ಳಾರಿ ಸೀಮೆಯ ಧೂಳಿಗೆ ತಡೆದೀತೇ?

ಕಂಪನಿ ನಾಟಕದ ನಟಿಗೆ ಹಿನ್ನೆಲೆ ಗಾಯಕಿ ಇಲ್ಲ. ಮಾತು ಮುಗಿದ ಉಸಿರಿನಲ್ಲೇ ಪದ ಎತ್ತಬೇಕು, ಎತ್ತಿದ ಸುರ ಪೇಟಿಯ (ಹಾರ್ಮೋನಿಯಂನ) ಸುರಕ್ಕೆ ಕೂಡಬೇಕು. ದ್ರೌಪದಿಯ ಪಾತ್ರದಿಂದ ಮನೆಮಾತಾಗಿದ್ದ ಬಳ್ಳಾರಿಯ ಸುಭದ್ರಮ್ಮ ಮನ್ಸೂರು 2020ರಲ್ಲಿ ತೀರಿಕೊಂಡಾಗ ಜನ ನೆನೆದದ್ದು ಅವರ ಅಭಿನಯವನ್ನಷ್ಟೇ ಅಲ್ಲ, ರಂಗಗೀತೆಗಳನ್ನೂ. ಆ ಸಾಲಿನ ನಟಿಯೊಬ್ಬಳು ತಾನೇ ಪದ ಬರೆದು, ತಾನೇ ಮಟ್ಟು ಹಾಕಿ, ತಾನೇ ನುಡಿಸುತ್ತ ಹಾಡುವುದಾದರೆ ಯಾವ ಪೇಟಿ ಕೊಳ್ಳಬೇಕು? ಇಲ್ಲಿ ನೋಡಿರುವುದು 9 ಸ್ಕೇಲಿನ ಚೇಂಜರ್ ಪೇಟಿಯನ್ನು, ಅಂದರೆ ಮನೆಗಳ ಪಟ್ಟಿಯನ್ನೇ ಪಕ್ಕಕ್ಕೆ ಸರಿಸಿ ಶ್ರುತಿ ಬದಲಿಸುವ ಪೇಟಿಯನ್ನು: 42 ಮನೆ (ಬೆರಳೊತ್ತುವ ಕೀಲಿ), ಬಾಸ್ (ತಗ್ಗು ದನಿ) ಮತ್ತು ಮೇಲ್ (ನಡು ದನಿ) ಎಂದು ಎರಡು ಸಾಲು ರೀಡು (ಗಾಳಿಗೆ ನುಡಿಯುವ ಹಿತ್ತಾಳೆಯ ನಾಲಿಗೆ), ಕಪ್ಲರ್ (ಒಂದು ಮನೆ ಒತ್ತಿದರೆ ಇನ್ನೊಂದು ಸ್ಥಾಯಿಯ ಅದೇ ಸುರವೂ ನುಡಿಯುವಂತೆ ಮಾಡುವ ಜೋಡಣೆ).

ಕೊಳ್ಳಬಹುದು. ಆದರೆ ಕಾರಣ ತಿಳಿದು ಕೊಳ್ಳಬೇಕು.

ಹೆಣ್ಣು ದನಿ ಸಾಮಾನ್ಯವಾಗಿ ಕರಿ 4 (ಸ್ಥಾಯಿಯ ನಾಲ್ಕನೆಯ ಕಪ್ಪು ಮನೆ) ಅಥವಾ ಕರಿ 5ಕ್ಕೆ ನಿಲ್ಲುತ್ತದೆ, ಗಂಡು ದನಿ ಕರಿ 1 ಇಲ್ಲವೇ ಕರಿ 2ಕ್ಕೆ. ಕರಿ 1ರಿಂದ ಕರಿ 4ಕ್ಕೆ ಏಳು ಅರ್ಧಸ್ವರಗಳ ಅಂತರ. ಒಂಬತ್ತು ಸ್ಥಾನಗಳ ಚೇಂಜರ್ ಈ ತುದಿಯಿಂದ ಆ ತುದಿಗೆ ಎಂಟು ಅರ್ಧಸ್ವರ ಸರಿಯುತ್ತದೆ. ಅಂದರೆ ನಾಯಕನ ಪದಕ್ಕೂ ನಾಯಕಿಯ ಪದಕ್ಕೂ ಬೆರಳು ಬದಲಿಸದೆ, ಪಟ್ಟಿಯನ್ನಷ್ಟೇ ಸರಿಸಿ ನುಡಿಸಬಹುದು. ಒಂದೇ ಸ್ಕೇಲಿನಲ್ಲಿ ಬೆರಳು ಪಳಗಿರುವ ಹಾಡುಗಾರ್ತಿಗೆ ಇದು ದೊಡ್ಡ ಅನುಕೂಲ. ಗಮನವೆಲ್ಲ ಪದದ ಕಡೆಗೆ, ಭಾವದ ಕಡೆಗೆ ಉಳಿಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು ವಯಸ್ಸು. ಇಪ್ಪತ್ತೈದರಲ್ಲಿ ಕರಿ 5ಕ್ಕೆ ಲೀಲಾಜಾಲವಾಗಿ ಹಾಡುತ್ತಿದ್ದವಳ ದನಿ ಐವತ್ತರ ಹೊತ್ತಿಗೆ ಕರಿ 3ಕ್ಕೆ ಇಳಿಯುವುದುಂಟು. ಹಠಕ್ಕೆ ಬಿದ್ದು ಹಳೆಯ ಶ್ರುತಿಯಲ್ಲೇ ಹಾಡಿದರೆ ತಾರಷಡ್ಜದಲ್ಲಿ ದನಿ ಸೀಳುತ್ತದೆ, ಮಾರನೆಯ ದಿನದ ಆಟಕ್ಕೆ ಗಂಟಲೇ ಇರುವುದಿಲ್ಲ. ಒಂದು ಸ್ಥಾನ ಕೆಳಗೆ ಸರಿಸಿದರೆ ಅದೇ ಪದ ಅದೇ ಬೆರಳಲ್ಲಿ ಬರುತ್ತದೆ. ಹಾಡುನಟಿಯ ವೃತ್ತಿಯನ್ನು ನಾಲ್ಕು ವರ್ಷ ಹೆಚ್ಚು ಎಳೆಯಬಲ್ಲ ಸೌಲಭ್ಯ ಇದು. ಮಾರುವವರು ಇದರ ಮಾತನ್ನೇ ಎತ್ತುವುದಿಲ್ಲ, ಬರೀ ಪಾಲಿಶ್ ತೋರಿಸುತ್ತಾರೆ.

ಯುಗಳಗೀತೆಗೆ ಚೇಂಜರ್ ಬೇಕೇ ಬೇಕೆಂದಿಲ್ಲ. ಗಂಡಸು ಕರಿ 1ಕ್ಕೆ ಹಾಡುವಾಗ ಅವನ ಪಂಚಮವೇ ಕರಿ 4. ಹೆಂಗಸು ಅದನ್ನೇ ಷಡ್ಜ ಮಾಡಿಕೊಂಡರೆ ಅವನ ಷಡ್ಜ ಅವಳಿಗೆ ಮಧ್ಯಮವಾಗುತ್ತದೆ. ಎರಡೂ ಸುರ ಹಿಡಿದಿಟ್ಟರೆ ಇಬ್ಬರಿಗೂ ಶ್ರುತಿ ಸಿಕ್ಕಿತು. ಮಟ್ಟು ಹಾಕುವಾಗಲೇ ಇದನ್ನು ಲೆಕ್ಕಕ್ಕೆ ತಂದುಕೊಂಡರೆ ಪದದ ನಡುವೆ ಪಟ್ಟಿ ಸರಿಸುವ ಪ್ರಮೇಯವೇ ಬಾರದು. ನಡುವೆ ಸರಿಸಲೂಬಾರದು: ಗಾಳಿ ತುಂಬಿರುವಾಗ, ಮನೆ ಒತ್ತಿರುವಾಗ ಎಳೆದರೆ ಒಳಗಿನ ಸನ್ನೆಕಡ್ಡಿ ಬಾಗುತ್ತದೆ. ತಿದಿ ಇಳಿಯಲಿ, ಬೆರಳು ಎತ್ತಿ, ಕಪ್ಲರ್ ಬಿಡಿಸಿ, ಆಮೇಲೆ ಸರಿಸಿ. ಪಟ್ಟಿ ತನ್ನ ಖಾಚಿನಲ್ಲಿ ಪೂರಾ ಕೂತಿತೇ ಎಂದು ಒಂದೊಂದೇ ಮನೆ ಒತ್ತಿ ನೋಡಿ. ಅರ್ಧ ಕೂತಿದ್ದರೆ ಒಂದು ಮನೆಗೆ ಎರಡು ಸುರ ಕೇಳುತ್ತದೆ.

ಈ ದೋಷ ನಮ್ಮ ಸೀಮೆಯಲ್ಲಿ ಹೆಚ್ಚು. ಸಂಡೂರು ಕಡೆಯ ಅದಿರಿನ ಕೆಂಪು ಧೂಳು, ರಾಯಚೂರಿನ ಹತ್ತಿಯ ಎಳೆ, ಜಾತ್ರೆಯ ಮೈದಾನದ ಮಣ್ಣು ಎಲ್ಲವೂ ಪಟ್ಟಿಯ ಜಾಡಿಗೆ ಇಳಿಯುತ್ತವೆ. ಅಲ್ಲಿಗೆ ಎಣ್ಣೆ ಬಿಟ್ಟರೆ ಧೂಳು ಕೂಡಿ ಅಂಟಾಗುತ್ತದೆ. ಒಣ ಕುಂಚವೇ ಸಾಕು. ರೀಡು ಗೊರಗೊರ ಅಂದರೆ ಮೊದಲ ಅನುಮಾನ ಧೂಳಿನ ಮೇಲೆ. ಹಿತ್ತಾಳೆಯ ನಾಲಿಗೆಯನ್ನು ಹಗುರಾಗಿ ಎತ್ತಿ, ತೆಳು ಕಾಗದದ ಚೂರೊಂದನ್ನು ಅಡಿಗೆ ತೂರಿಸಿ ಹೊರಗೆಳೆದರೆ ಬಹಳ ಸಲ ಸರಿಹೋಗುತ್ತದೆ. ಕೆರೆಯುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ನಾಲಿಗೆಯ ತುದಿ ಕೆರೆದರೆ ಸುರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ, ಹೋದ ಹಿತ್ತಾಳೆ ಮರಳಿ ಬರುವುದಿಲ್ಲ.

ಬಿಸಿಲು ಇನ್ನೊಂದು ಶತ್ರು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರುಗಳಿವು. ಟೆಂಪೋದ ಮೇಲೆ ಕಟ್ಟಿ ಗಂಗಾವತಿ, ಸಿಂಧನೂರು ಸುತ್ತಿಸಿದರೆ ಮರ ಒಣಗಿ ಕೂಡುಗಳು ಬಿಡುತ್ತವೆ, ಗಾಳಿ ಸೋರುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಸ್ಟಾಪ್‌ಗಳನ್ನೆಲ್ಲ (ರೀಡಿಗೆ ಗಾಳಿ ಬಿಡುವ ಗುಂಡಿಗಳನ್ನು) ಮುಚ್ಚಿ, ತಿದಿ ಪೂರಾ ತುಂಬಿ, ಯಾವ ಮನೆಯನ್ನೂ ಒತ್ತದೆ ಬಿಡಿ. ಹತ್ತು ಸೆಕೆಂಡಿನೊಳಗೇ ಗಾಳಿ ಖಾಲಿಯಾದರೆ ಆ ಪೇಟಿ ಬೇಡ. ಆಮೇಲೆ ಪಟ್ಟಿಯನ್ನು ಎರಡೂ ತುದಿಗೆ ಸರಿಸಿ ಕೊನೆಯ ಮನೆಗಳನ್ನು ನುಡಿಸಿ. ಕೆಲವು ಮಾದರಿಗಳಲ್ಲಿ ಅಂಚಿನ ಮನೆಗಳು ಮೂಕವಾಗುತ್ತವೆ. ತಾರಸ್ಥಾಯಿಯಲ್ಲಿ ಆಲಾಪ ಮಾಡುವವರಿಗೆ ಅದು ನಡೆಯುವುದಿಲ್ಲ.

ತೂಕ ನಿಜಕ್ಕೂ ಕಷ್ಟ. ಸಾದಾ ಪೇಟಿ ಹತ್ತು ಕೆ.ಜಿ.ಯ ಆಸುಪಾಸು, ಇದು ಹದಿನೈದು ದಾಟುತ್ತದೆ. ಬೆಲೆ ಎರಡು ಪಟ್ಟಿಗೂ ಹೆಚ್ಚು.

ಕಂಪನಿಯ ಪೇಟಿ ಮಾಸ್ತರರಿಗೆ ಇದನ್ನು ಹೇಳುವುದಿಲ್ಲ. ಅವರು ಯಾವ ಶ್ರುತಿಗಾದರೂ ಬೆರಳಲ್ಲೇ ಹಾರುತ್ತಾರೆ. ಎರಡೂ ಕೈ ಬಿಡುವಾಗಿಡುವ ಕಾಲುಪೇಟಿಯ ಭರಾಟೆ ಇದಕ್ಕಿಲ್ಲ. ಬಳ್ಳಾರಿಯ ರಾಘವ ಕಲಾಮಂದಿರದಲ್ಲೋ ರಾಯಚೂರಿನ ಸಿದ್ದರಾಮ ಜಂಬಲದಿನ್ನಿ ರಂಗಮಂದಿರದಲ್ಲೋ ಒಬ್ಬಳೇ ಕೂತು ರಂಗಗೀತೆ ಹಾಡುವ ಕಾರ್ಯಕ್ರಮಕ್ಕೆ, ಮನೆಯಲ್ಲಿ ಮಟ್ಟು ಕಟ್ಟಲಿಕ್ಕೆ ಇದು ಹೇಳಿ ಮಾಡಿಸಿದ್ದು. ಬಾಸ್ ರೀಡು ದನಿಯ ಕೆಳಗೆ ನಿಂತು ಆಸರೆ ಕೊಡುತ್ತದೆ. ಹೊಸ ಮಟ್ಟನ್ನು ಫೋನಿನಲ್ಲಿ ಹಿಡಿದಿಡುವಾಗ ಫೋನನ್ನು ಪೇಟಿಯ ಮೇಲಿಡಬೇಡಿ, ಮನೆಗಳ ಟಕಟಕ, ತಿದಿಯ ಸದ್ದೇ ಮುಂದಾಗುತ್ತದೆ. ಮೂರು ಅಡಿ ದೂರ, ಬಾಯಿಯ ಮಟ್ಟಕ್ಕೆ ಇಡಿ.

ಮೀಂಡು, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಇದರಲ್ಲಿ ಬರುವುದಿಲ್ಲ, ಯಾವ ಪೇಟಿಯಲ್ಲೂ ಬರುವುದಿಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ದೂರವಿಟ್ಟದ್ದರ ಹಿಂದೆ ಈ ಆಕ್ಷೇಪವೂ ಇತ್ತು. ಆದ್ದರಿಂದ ಮಟ್ಟನ್ನು ಮೊದಲು ಗಂಟಲಲ್ಲಿ ಕಟ್ಟಿ, ಆಮೇಲೆ ಪೇಟಿಗೆ ತನ್ನಿ. ಬೆರಳಿನಿಂದ ಶುರು ಮಾಡಿದ ಪದಗಳಲ್ಲಿ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತದೆ, ಕೋಮಲ ಗಾಂಧಾರದ ಜಾರು ಕಳೆದುಹೋಗುತ್ತದೆ.