ಡ್ರೂಯಿಡ್‌ನ ಬುತ್ತಿಗೆ ಅವಲಕ್ಕಿ ಸಾಕಾ?

ಪಾತ್ರ ವಹಿಸಿ, ಡೈಸ್ ಹಾಕಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ತೆಗೆದು ನೋಡಿ. ಡ್ರೂಯಿಡ್, ಅಂದರೆ ಪ್ರಕೃತಿಯ ಶಕ್ತಿಯಿಂದ ಮಂತ್ರ ಹಾಕುವ ಪಾತ್ರ, ಲೋಹದ ಕವಚ ತೊಡುವುದಿಲ್ಲ ಅಂತ ಬರೆದಿದೆ. ಅವನು ಏನು ತಿನ್ನುತ್ತಾನೆ ಅನ್ನುವ ಬಗ್ಗೆ ಚಕಾರ ಇಲ್ಲ. ಉಡುಪಿ, ಮಣಿಪಾಲದ ಕಡೆ ಆಟಕ್ಕೆ ಕೂತವರಿಗೆ ಇದು ಬಾಕಿ ಉಳಿದ ಲೆಕ್ಕದ ಹಾಗೆ ಕಾಣುತ್ತದೆ. ಕವಚಕ್ಕೆ ನೇಮ ಇರುವ ವ್ರತಸ್ಥನಿಗೆ ಊಟಕ್ಕೆ ನೇಮ ಇಲ್ಲದೆ ಇರುತ್ತದಾ? ಹಾಗಾದರೆ ಒಂದು ಸಸ್ಯಾಹಾರಿ ಪಂಥವನ್ನು ಈ ಪುಸ್ತಕದ ನಿಯಮದಲ್ಲೇ ಸಾಕಬಹುದಾ ಅಂತ ನೋಡುವುದಕ್ಕೆ ಈ ವಿಮರ್ಶೆ. ಅಳತೆಗೋಲು ನಮ್ಮ ಮಠದ ಅಡುಗೆಯದ್ದು.

ಸಾಕಬಹುದು, ಅದೂ ಬೇಕಾದ್ದಕ್ಕಿಂತ ಸುಲಭವಾಗಿ. ಪೆಟ್ಟು ಬೀಳುವುದು ನೀರಲ್ಲಿ, ಆಮೇಲೆ ಕಾಳುಮೆಣಸಲ್ಲಿ.

ಮೊದಲು ಬುತ್ತಿ. ಒಬ್ಬರಿಗೆ ದಿನಕ್ಕೆ ಒಂದು ಪೌಂಡ್ ಆಹಾರ ಬೇಕು ಅನ್ನುತ್ತದೆ ನಿಯಮ. ಅಂಗಡಿಯಲ್ಲಿ ಸಿಗುವ ರೇಷನ್ ದಿನಕ್ಕೆ ಎರಡು ಪೌಂಡ್ ತೂಗುತ್ತದೆ, ಬೆಲೆ ಐದು ಬೆಳ್ಳಿ ನಾಣ್ಯ. ಅದರೊಳಗೆ ಒಣಮಾಂಸ, ಒಣಹಣ್ಣು, ಗಟ್ಟಿ ರೊಟ್ಟಿ, ಬೀಜಗಳು. ಒಣಮಾಂಸ ತೆಗೆದು ಬದಿಗಿಟ್ಟು ನಮ್ಮ ಲೆಕ್ಕ ಹಾಕುವ: ಗಟ್ಟಿ ಅವಲಕ್ಕಿ 250 ಗ್ರಾಂ, ಹುರಿಗಡಲೆ 100 ಗ್ರಾಂ, ಬೆಲ್ಲ 50, ಕೊಬ್ಬರಿ 50. ಒಟ್ಟು 450 ಗ್ರಾಂ, ಅಂದರೆ ಸರಿಸುಮಾರು ಒಂದು ಪೌಂಡ್. ಇದರಲ್ಲಿ ಹತ್ತಿರ ಹತ್ತಿರ 1,750 ಕ್ಯಾಲೊರಿ, 40 ಗ್ರಾಂ ಪ್ರೋಟೀನ್ ಉಂಟು. ಗುಡಿಯಲ್ಲಿ ಕೂತವನಿಗೆ ಸಾಕು. ಕವಚ ಹೊತ್ತು ಘಟ್ಟ ಹತ್ತುವವನಿಗೆ ಇದರ ಎರಡು ಪಟ್ಟು, ಅಂದರೆ ಪುಸ್ತಕದ ಎರಡು ಪೌಂಡ್ ಬೇಕು. ಮಾಂಸ ಬಿಟ್ಟ ಮಾತ್ರಕ್ಕೆ ಗಂಟು ಭಾರವಾಗುವುದಿಲ್ಲ ಅನ್ನುವುದು ಇಲ್ಲಿಗೆ ತೀರ್ಮಾನ ಆಯಿತು.

ಆದರೆ ಪುಸ್ತಕಕ್ಕೆ ಒಂದು ಪೌಂಡ್ ಅವಲಕ್ಕಿಯೂ ಒಂದೇ, ಒಂದು ಪೌಂಡ್ ಬಾಳೆಹಣ್ಣೂ ಒಂದೇ. ಅಷ್ಟೇ ತೂಕದ ಬಾಳೆಹಣ್ಣಿನ ತಿರುಳಲ್ಲಿ 400 ಕ್ಯಾಲೊರಿ ಇದ್ದರೆ ಹೆಚ್ಚು. ಆದ್ದರಿಂದ ಒಣಪದಾರ್ಥಕ್ಕೆ ಒಂದು ಪೌಂಡ್, ಹಸಿ ಹಣ್ಣು ಗೆಡ್ಡೆಗೆ ಮೂರು ಪೌಂಡ್ ಅಂತ ಡಿಎಂ (ಆಟ ನಡೆಸುವ ಡಂಜನ್ ಮಾಸ್ಟರ್) ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮಳೆಗಾಲದ ವಿಷಯವನ್ನೂ ಪುಸ್ತಕ ಮುಟ್ಟುವುದಿಲ್ಲ. ಆಟಿಯ ಮಳೆಯಲ್ಲಿ ಅವಲಕ್ಕಿ ಎರಡೇ ದಿನಕ್ಕೆ ಮೆತ್ತಗಾಗುತ್ತದೆ, ಬೆಲ್ಲ ನೀರು ಬಿಡುತ್ತದೆ, ಆ ನೀರು ತಾಗಿದ ಕೊಬ್ಬರಿಗೆ ಬೂಸ್ಟು ಹಿಡಿಯುತ್ತದೆ. ಅವಲಕ್ಕಿ, ಕಡಲೆ ಹುರಿದು, ಪೂರ್ತಿ ಆರಿದ ಮೇಲೆ ಕಟ್ಟಬೇಕು. ಬಿಸಿಯಲ್ಲೇ ಕಟ್ಟಿದರೆ ಒಳಗಿನ ಹಬೆಯೇ ಸಾಕು ಕೆಡಿಸುವುದಕ್ಕೆ. ಬೆಲ್ಲದ ಗಂಟು ಬೇರೆಯೇ ಇರಲಿ. ಕುಚ್ಚಲಕ್ಕಿ ಹೊತ್ತು ಹೊರಟರೆ ಅನ್ನ ಬೇಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು, ಪಾತ್ರೆ ಬೇಕು, ಒಣ ಸೌದೆ ಬೇಕು. ಸೌದೆಗೆ ಈ ಪುಸ್ತಕದಲ್ಲಿ ನಿಯಮವೇ ಇಲ್ಲ. ಕೃಷ್ಣಮಠದ ಪರ್ಯಾಯಕ್ಕೆ ಮುಂಚೆ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಅಂತ ನಾಲ್ಕು ಮುಹೂರ್ತ ಮಾಡುತ್ತಾರೆ. ಮಧ್ವ ಸರೋವರದ ಪಕ್ಕ ರಥದ ಆಕಾರದಲ್ಲಿ ಪೇರಿಸಿದ ಸೌದೆ ನೋಡಿದವರಿಗೆ, ಅನ್ನದಾನದಲ್ಲಿ ಕಟ್ಟಿಗೆಯ ಪಾಲು ಎಷ್ಟು ಅಂತ ಬೇರೆ ಹೇಳಬೇಕಾಗಿಲ್ಲ.

ಈಗ ಉಪವಾಸ. ಊಟ ಇಲ್ಲದೆ 3 ದಿನ, ಅದಕ್ಕೆ ಕಾನ್‌ಸ್ಟಿಟ್ಯೂಷನ್ ಮಾಡಿಫೈಯರ್ (ದೇಹಬಲದ ಅಂಕ) ಕೂಡಿಸಿದಷ್ಟು ದಿನ ಇರಬಹುದು. ಆಮೇಲೆ ದಿನಕ್ಕೊಂದು ಲೆವೆಲ್ ಎಕ್ಸಾಸ್ಚನ್, ಅಂದರೆ ದಣಿವು. ಒಂದು ದಿನ ಸರಿಯಾಗಿ ಉಂಡರೆ ಎಣಿಕೆ ಸೊನ್ನೆಗೆ ಬರುತ್ತದೆ. ಹಾಗಾಗಿ ಏಕಾದಶಿ ಪುಕ್ಕಟೆ. ನಿರ್ಜಲ ಏಕಾದಶಿ ಮಾಡಿ ನೋಡಿ, ಆಗ ಗೊತ್ತಾಗುತ್ತದೆ. ದಿನಕ್ಕೆ ಒಂದು ಗ್ಯಾಲನ್, ಸೆಕೆಯಿದ್ದರೆ ಎರಡು ಗ್ಯಾಲನ್ ನೀರು ಬೇಕು. ಅರ್ಧ ಕುಡಿದರೆ 15ರ ವಿರುದ್ಧ ಡೈಸ್ ಹಾಕಿ ಪಾರಾಗುವ ದಾರಿ ಉಂಟು. ಅದಕ್ಕಿಂತ ಕಡಿಮೆಯಾದರೆ ಡೈಸೂ ಇಲ್ಲ, ದಿನದ ಕೊನೆಗೆ ನೇರ ಒಂದು ಲೆವೆಲ್. ಮೊದಲೇ ದಣಿದಿದ್ದರೆ ಎರಡು. ಆರಕ್ಕೆ ಸಾವು. ಒಂದು ಉದ್ಧರಣೆ ತೀರ್ಥ ಲೆಕ್ಕಕ್ಕೆ ಬರುವುದಿಲ್ಲ ಮಾರಾಯ್ರೆ.

ಇನ್ನೊಂದು ಸೂಕ್ಷ್ಮ. ಲಾಂಗ್ ರೆಸ್ಟ್, ಅಂದರೆ ರಾತ್ರಿಯ ಪೂರ್ತಿ ವಿಶ್ರಾಂತಿಯಿಂದ, ಒಂದು ಲೆವೆಲ್ ದಣಿವು ಇಳಿಯಬೇಕಾದರೆ ಅನ್ನ ನೀರು ಹೊಟ್ಟೆಗೆ ಹೋಗಿರಬೇಕು. ಏಕಾದಶಿ ರಾತ್ರಿ ಮಲಗಿದ್ದು ಹಾಗಾಗಿ ವ್ಯರ್ಥ. ದ್ವಾದಶಿ ಪಾರಣೆ ಆದರೂ ಅಂದಿಡೀ ಎಬಿಲಿಟಿ ಚೆಕ್‌ಗಳಿಗೆ (ಸಾಮರ್ಥ್ಯ ಪರೀಕ್ಷೆಯ ಡೈಸ್‌ಗೆ) ಡಿಸ್‌ಅಡ್ವಾಂಟೇಜ್, ಕಾಡಲ್ಲಿ ಆಹಾರ ಹುಡುಕುವುದಕ್ಕೂ ಸೇರಿ: ಎರಡು ಸಲ ಹಾಕಿ ಕಡಿಮೆ ಬಿದ್ದದ್ದೇ ಲೆಕ್ಕ. ದಶಮಿಯ ದಿನವೇ ದ್ವಾದಶಿಯ ಬುತ್ತಿ ಕಟ್ಟಿಟ್ಟುಕೊಂಡವರೇ ಜಾಣರು.

ಚಾತುರ್ಮಾಸ್ಯವನ್ನು ಆಟಕ್ಕೆ ತಂದರೆ ಪಂಥಕ್ಕೆ ನಿಜವಾದ ಮೈಕಟ್ಟು ಬರುತ್ತದೆ. ಮೊದಲ ತಿಂಗಳು ಶಾಕವ್ರತ: ತರಕಾರಿ, ಸೊಪ್ಪು, ಹಣ್ಣು ಇಲ್ಲ, ಮಾವಿಗೆ ಮಾತ್ರ ವಿನಾಯಿತಿ. ಎರಡನೆಯದು ಮೊಸರಿಲ್ಲದ ತಿಂಗಳು, ಮೂರನೆಯದು ಹಾಲಿಲ್ಲದ್ದು. ನಾಲ್ಕನೆಯದು ದ್ವಿದಳ ವ್ರತ, ಬೇಳೆಕಾಳು ಬಂದ್. ನಾಲ್ಕನ್ನೂ ಒಟ್ಟಿಗೆ ಬಿಡುವುದಿಲ್ಲ ಅನ್ನುವುದರಲ್ಲೇ ಇದರ ಜಾಣ್ಮೆ. ಬೇಳೆ ಹೋದ ತಿಂಗಳು ಹಾಲು ಮೊಸರು ವಾಪಸು ಬಂದಿರುತ್ತದೆ. ಹಾಲು ಹೋದ ತಿಂಗಳು ಬೇಳೆ, ಮೊಸರು ಇರುತ್ತದೆ. ಪ್ರೋಟೀನಿಗೆ ಯಾವ ತಿಂಗಳೂ ಬರ ಇಲ್ಲ. ಮೇಲೆ ಹೇಳಿದ ಬುತ್ತಿಯಲ್ಲಿ ನಾಲ್ಕನೇ ತಿಂಗಳು ಹುರಿಗಡಲೆ ಹೋಗುತ್ತದೆ, ಅಲ್ಲಿ ಮಾತ್ರ ಹಸು ಕಟ್ಟಿಕೊಂಡ ಗುಡಿಗಳ ಹತ್ತಿರವೇ ದಾರಿ ಹಿಡಿಯಬೇಕು. ಹಸುವಿಗೆ ಪುಸ್ತಕದ ಬೆಲೆ 10 ಚಿನ್ನದ ನಾಣ್ಯ.

ಶಾಕವ್ರತದ ಅಡುಗೆಗೆ ಒಣಮೆಣಸು, ಹುಣಸೆ ಇಲ್ಲ. ಖಾರಕ್ಕೆ ಕಾಳುಮೆಣಸು, ಹುಳಿಗೆ ಮಾವು, ಜೊತೆಗೆ ಜೀರಿಗೆ, ಹೆಸರುಬೇಳೆ. ಪುಸ್ತಕದ ಪಟ್ಟಿಯಲ್ಲಿ ಒಂದು ಪೌಂಡ್ ಗೋಧಿಗೆ ಒಂದು ತಾಮ್ರ, ಕಾಳುಮೆಣಸಿಗೆ ಎರಡು ಚಿನ್ನ. ಅಂದರೆ 200 ಪೌಂಡ್ ಗೋಧಿಯ ಬೆಲೆ! ಹದಿನೈದು ಮಂದಿಯ ಗುಡಿಯಲ್ಲಿ ತಲೆಗೆ ದಿನಕ್ಕೆ 2 ಗ್ರಾಂ ಅಂತ ಹಿಡಿದರೂ ತಿಂಗಳಿಗೆ ಎರಡು ಪೌಂಡ್, ನಾಲ್ಕು ಚಿನ್ನ. ಅದೇ ಪಟ್ಟಿಯಲ್ಲಿ ಒಂದು ಕೋಳಿಗೂ ಒಂದು ಪೌಂಡ್ ಹಿಟ್ಟಿಗೂ ಒಂದೇ ದರ, ಎರಡು ತಾಮ್ರ. ಬಡ ಪಂಥಕ್ಕೆ ಕೋಳಿ ಬಿಟ್ಟದ್ದರಿಂದ ಉಳಿತಾಯವೂ ಇಲ್ಲ. ಮೆಣಸಿನ ಬಳ್ಳಿ ಮನೆ ಹಿಂದೆಯೇ ಹಬ್ಬುವ ಕರಾವಳಿಯಂಥ ಊರಲ್ಲಿ ಕಥೆ ನಡೆಯುವುದಾದರೆ ಈ ದರವನ್ನು ಹತ್ತನೇ ಒಂದಕ್ಕೆ ಇಳಿಸಿ, ಇಲ್ಲದಿದ್ದರೆ ನಂಬುವುದಕ್ಕಾಗುವುದಿಲ್ಲ.

ಕಾಡಲ್ಲಿ ಆಹಾರ ಹುಡುಕುವ ಲೆಕ್ಕ ಇರುವುದು ಜೊತೆಯ ಪುಸ್ತಕ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ: ಸಮೃದ್ಧ ಜಾಗದಲ್ಲಿ 10, ಬಡ ಜಾಗದಲ್ಲಿ 20ರ ಗುರಿ. ಗೆದ್ದರೆ ಒಂದು ಆರುಮುಖದ ಡೈಸ್, ಅದಕ್ಕೆ ವಿಸ್ಡಮ್ (ವಿವೇಕ) ಮಾಡಿಫೈಯರ್ ಕೂಡಿಸಿದಷ್ಟು ಪೌಂಡ್. ಸಿಕ್ಕಿದ್ದು ಮೊಲವೋ ಗೆಣಸೋ ಅಂತ ಅದೂ ಕೇಳುವುದಿಲ್ಲ. ಘಟ್ಟದ ಮಳೆಗಾಲದಲ್ಲಿ ಸಸ್ಯಾಹಾರಿಗೆ ಸಿಗುವುದು ಕಣಿಲೆ (ಎಳೆ ಬಿದಿರು) ಮತ್ತು ಕೆಸು. ಕಣಿಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸದಿದ್ದರೆ ಅದರ ವಿಷ ಇಳಿಯುವುದಿಲ್ಲ. ಕೆಸುವಿನ ಎಲೆಗೆ ಹುಳಿ ಸಾಲದಿದ್ದರೆ, ಬೆಂದದ್ದು ಸಾಲದಿದ್ದರೆ ಗಂಟಲು ತುರಿಸುತ್ತದೆ. ಸೂಜಿಯಂಥ ಆಕ್ಸಲೇಟ್ ಹರಳುಗಳ ಕೆಲಸ ಅದು. ಇವತ್ತು ಕಿತ್ತದ್ದು ಇವತ್ತೇ ಊಟ ಅನ್ನುವ ನಿಯಮ ಇಲ್ಲಿ ಕೂರುವುದಿಲ್ಲ.

ಮಂತ್ರಗಳ ವಿಷಯ. ಪ್ಯೂರಿಫೈ ಫುಡ್ ಅಂಡ್ ಡ್ರಿಂಕ್ ವಿಷ, ರೋಗ ತೆಗೆಯುತ್ತದೆ. ಮಾಂಸದ ಸಾರನ್ನು ತರಕಾರಿ ಹುಳಿ ಮಾಡುವುದಿಲ್ಲ, ಎಂಜಲೂ ತೆಗೆಯುವುದಿಲ್ಲ. ಐದನೇ ಲೆವೆಲ್‌ನ ಕ್ಲೆರಿಕ್‌ಗೆ (ದೇವರ ಶಕ್ತಿಯಿಂದ ಮಂತ್ರ ಹಾಕುವ ಪಾತ್ರಕ್ಕೆ) ಸಿಗುವ ಕ್ರಿಯೇಟ್ ಫುಡ್ ಅಂಡ್ ವಾಟರ್ 45 ಪೌಂಡ್ ಸಪ್ಪೆ ಊಟ ಕೊಟ್ಟು ಹದಿನೈದು ಮಂದಿಯನ್ನು ಸಾಕುತ್ತದೆ. ಉಪ್ಪಿನಕಾಯಿ ನಿಮ್ಮದೇ. ಲೆಕ್ಕ ಕೆಡಿಸುವುದು ಗುಡ್‌ಬೆರಿ: ಒಂದು ಸಲಕ್ಕೆ ಹತ್ತು ಹಣ್ಣು, ಒಂದೊಂದು ಹಣ್ಣೂ ಒಬ್ಬರ ದಿನದ ಊಟ. ಒಂದನೇ ಲೆವೆಲ್‌ನ ಐದು ಡ್ರೂಯಿಡ್‌ಗಳು ತಲಾ ಎರಡು ಸಲ ಹಾಕಿದರೆ ನೂರು ಮಂದಿಗೆ ಅನ್ನದಾನ ಮುಗಿಯಿತು. ಸೌದೆ ಬೇಡ, ಅಡುಗೆಭಟ್ಟರು ಬೇಡ. ಪಂಥದ ಊಟವೇ ಕಥೆಯಾಗಬೇಕಿದ್ದರೆ ಇದನ್ನು ಹೀಗೇ ಬಿಡಬಾರದು. ಮಂತ್ರಕ್ಕೆ ಬೇಕಾದ ಸಾಮಗ್ರಿ ಮಿಸಲ್ಟೋ ಕಡ್ಡಿ, ಇಲ್ಲಿನ ಮಾವಿನ ಮರಕ್ಕೆ ಹತ್ತುವ ಬಂದಳಿಕೆಯ ಜಾತಿಯದ್ದು. ಪ್ರತಿ ಸಲ ಹೊಸ ಕಡ್ಡಿ ಖರ್ಚಾಗಬೇಕು ಅಂತ ಮಾಡಿದರೆ ಅರ್ಧ ಹತೋಟಿಗೆ ಬರುತ್ತದೆ. ಉಳಿದರ್ಧವನ್ನು ವ್ರತವೇ ನೋಡಿಕೊಳ್ಳುತ್ತದೆ: ಶಾಕವ್ರತದ ತಿಂಗಳಲ್ಲಿ ಹಣ್ಣು ನಿಷಿದ್ಧ, ಗುಡ್‌ಬೆರಿಯೂ ಹಣ್ಣೇ. ನಾಲ್ಕನೇ ತಿಂಗಳಲ್ಲಿ ಬಹುಬೀಜದ ಹಣ್ಣೂ ವರ್ಜ್ಯ, ಆಗ ಅದರೊಳಗೆ ಬೀಜ ಎಷ್ಟು ಅಂತ ಡಿಎಂ ಬಿಡಿಸಿ ಹೇಳಬೇಕಾಗುತ್ತದೆ.